ಹುಳದ ಮನೆಗೆ ಹೋದ ಮದುಮಕ್ಕಳು

ಮೊನ್ನೆ ನನ್ನ ಮಗಳು ನನ್ನ ರೇಷ್ಮೆ ಸೀರೆ ಸುತ್ತಿಕೊಂಡು, ಅರ್ಧ ಡಬ್ಬಿ ಪೌಡರನ್ನು ಮುಖಕ್ಕೆ ಮೆತ್ತಿಕೊಂಡು ಕನ್ನಡಿ ಮುಂದೆ ನಿಂತಿದ್ದಳು. ಮನೆ ತುಂಬ ಘಮಘಮ. ನಗಬೇಕಾದ ನಾನು ಮೊದಲು ಮಾಡಿದ್ದು, ಹಿಂಬಾಗಿಲು ಹಾಕಿದೆಯೇ ಎಂದು ತಿರುಗಿ ನೋಡಿದ್ದು. ಈಗಿನ ನಮ್ಮ ಮನೆಯಲ್ಲಿ ಆ ಬಾಗಿಲಾಚೆ ಪಕ್ಕದವರ ಸ್ಕೂಟರ್ ನಿಂತಿರುತ್ತದೆ, ಅಷ್ಟೆ. ನೀವೂ ರೇಷ್ಮೆ ಹುಳ ಸಾಕುವ ಮನೆಯಲ್ಲಿ ಬೆಳೆದವರಾದರೆ ಈ ಹೆದರಿಕೆ ನಿಮಗೆ ಅರ್ಥವಾದೀತು. ಪೌಡರಿನ ವಾಸನೆ ತಾಗಿದರೆ ಹುಳ ಸಾಯುತ್ತವೆ ಎಂದು ನಮಗೆ ಮಾತು ಕಲಿಸುವಾಗಲೇ ಕಲಿಸಿದ್ದರು.

ಕೈಲಾಂಚದ ಹತ್ತಿರದ ನಮ್ಮ ಮನೆಯಲ್ಲಿ ನಡುಮನೆ, ಅಡುಗೆಮನೆ ಎರಡೂ ಸೇರಿದರೂ ಹುಳದ ಮನೆಯಷ್ಟಾಗುತ್ತಿರಲಿಲ್ಲ. ನಾವು ಒಬ್ಬರ ಕಾಲು ಒಬ್ಬರಿಗೆ ತಾಗಿಸಿಕೊಂಡು ಮಲಗಿದರೆ, ಹುಳಗಳು ಬಿದಿರು ತಟ್ಟೆಗಳಲ್ಲಿ ಆರಾಮವಾಗಿರುತ್ತಿದ್ದವು. ಕಾವಲಿಗೆ ಅಪ್ಪನ ತಾಯಿ, ನಮ್ಮಜ್ಜಿ. ಕಾಲು ತೊಳೆಯದೆ ಆ ಹೊಸ್ತಿಲು ದಾಟುವಂತಿಲ್ಲ, ಹೂ ಮುಡಿದು ಬರುವಂತಿಲ್ಲ, ಅಡುಗೆಮನೆಯಿಂದ ಒಗ್ಗರಣೆಯ ಘಾಟು ಏಳುವಂತಿಲ್ಲ. ಬೆಳೆ ಮುಗಿದು ಗೂಡು ಮಾರ್ಕೆಟ್ಟಿಗೆ ಹೋದ ಕೂಡಲೇ ಬೀದಿಯ ಹೆಂಗಸರೆಲ್ಲ ಮುಡಿ ತುಂಬ ಕಾಕಡ ಹೂ ಮುಡಿದು ಓಡಾಡುತ್ತಿದ್ದರು. ನಮ್ಮವ್ವ ಮಾತ್ರ ಆಗಲೂ ಒಂದೆಸಳು ಮುಡಿಯುತ್ತಿರಲಿಲ್ಲ. ಅವಳಿಗೆ ಹೂವೆಂದರೆ ಆಗುವುದಿಲ್ಲ ಎಂದುಕೊಂಡಿದ್ದೆವು.

ಒಂದು ಬೇಸಿಗೆಯಲ್ಲಿ ಚನ್ನಪಟ್ಟಣದಿಂದ ಬಂದ ಸೋದರತ್ತೆಯ ಚೀಲದಲ್ಲಿ ಪೌಡರ್ ಡಬ್ಬಿ ಸಿಕ್ಕಿತು. ಮದುವೆಯಾಟ ಶುರುವಾಯಿತು. ನನ್ನ ತಂಗಿ ಜಯಿ ಹೆಣ್ಣು. ಅಪ್ಪನ ಟವೆಲನ್ನು ಪೇಟ ಸುತ್ತಿಕೊಂಡ ನಾನು ಗಂಡು. ಹಿಪ್ಪುನೇರಳೆ ಕಡ್ಡಿಯ ಬಾಸಿಂಗ, ಅರಿಸಿನ ಕೊಂಬಿನ ತಾಳಿ, ಇಬ್ಬರ ಮುಖಕ್ಕೂ ಸುಣ್ಣ ಬಳಿದಂತೆ ಪೌಡರ್. ತಾಳಿ ಕಟ್ಟಿದ್ದಾಯಿತು, ಮದುವೆಗೆ ಜನವೇ ಇಲ್ಲ. ಆಗ ಗೋಡೆಯಾಚೆಯಿಂದ ಹುಳಗಳು ಸೊಪ್ಪು ಮೇಯುವ ಸದ್ದು ಕೇಳಿಸಿತು. ಗೂಡು ಕಟ್ಟುವ ಮುಂಚಿನ ಆ ವಾರ ಅವಕ್ಕೆ ಭಾರಿ ಹಸಿವು.

"ನೆಂಟ್ರೆಲ್ಲ ಊಟಕ್ಕೆ ಕುಂತವ್ರೆ ಕಣಕ್ಕ, ನಾವು ಹೋಗಿ ಮಾತಾಡುಸ್ಬೇಕು," ಎಂದಳು ಜಯಿ.

ಸರಿ, ಮದುಮಕ್ಕಳಿಬ್ಬರೂ ಕೈ ಹಿಡಿದುಕೊಂಡು ತಟ್ಟೆಯಿಂದ ತಟ್ಟೆಗೆ ಹೋಗಿ, "ಸಂಕೋಚ ಪಟ್ಕಬ್ಯಾಡಿ, ನಿಧಾನ್ವಾಗಿ ಉಣ್ಣಿ," ಎಂದು ಬಾಗಿ ಬಾಗಿ ಉಪಚರಿಸಿದೆವು. ಬಾಗಿದಾಗಲೆಲ್ಲ ಜಯಿಯ ಕೆನ್ನೆಯ ಪೌಡರ್ ಹುಳಗಳ ಮೇಲೆ ಉದುರುತ್ತಿತ್ತು.

ಸೊಪ್ಪಿನ ಹೊರೆ ಹೊತ್ತು ಬಂದ ಅವ್ವ ಬಾಗಿಲಲ್ಲೇ ನಿಂತುಬಿಟ್ಟಳು. ಬೈಯಲಿಲ್ಲ, ಹೊಡೆಯಲಿಲ್ಲ. ಇಬ್ಬರನ್ನೂ ರಟ್ಟೆ ಹಿಡಿದು ಬಚ್ಚಲಿಗೆ ಎಳೆದೊಯ್ದು ಚರ್ಮ ಉರಿಯುವಷ್ಟು ಉಜ್ಜಿದಳು. "ಅಜ್ಜಿ ಕೇಳುದ್ರೆ ಒಳೀಕೆ ಹೋಗೇ ಇಲ್ಲ ಅನ್ನಿ," ಎಂದಳು. ಅವ್ವ ನಮಗೆ ಸುಳ್ಳು ಹೇಳಿಕೊಟ್ಟದ್ದು ಅದೊಂದೇ ಸಲ.

ಸಂಜೆ ತೋಟದಲ್ಲಿ ಸೊಪ್ಪು ಬಿಡಿಸುವಾಗ, ಬೈಯುವುದು ಬಿಟ್ಟು ಸುಳ್ಳು ಯಾಕೆ ಹೇಳಿಕೊಟ್ಟೆ ಎಂದು ನಾನು ಕೇಳಿದೆ. ಅವಳು ತಿಪ್ಪಸಂದ್ರದ ತನ್ನ ತವರಿನ ಕಥೆ ಹೇಳಿದಳು. ಅವಳೂ ನನ್ನಷ್ಟೇ ಇದ್ದಾಗ ಚಿಕ್ಕಮ್ಮನ ಪೌಡರ್ ಬಳಿದುಕೊಂಡು, ಜಡೆಗೆ ಮಲ್ಲಿಗೆ ಸುತ್ತಿಕೊಂಡು ಮದುಮಗಳಾಗಿದ್ದಳಂತೆ. ಹಾಗೆಯೇ ಹುಳದ ಮನೆಗೆ ಹೋಗಿದ್ದಳಂತೆ. ಕೆಲವೇ ದಿನಗಳಲ್ಲಿ ಹುಳಗಳ ಮೈ ಊದಿ, ಒಡೆದು, ಹಾಲಿನಂಥ ನೀರು ಸುರಿಯತೊಡಗಿತು. ಇಡೀ ಬೆಳೆ ತಿಪ್ಪೆಗೆ ಹೋಯಿತು. ಕೂಡುಕುಟುಂಬದ ಅಷ್ಟೂ ಜನ ಅವಳತ್ತ ಬೆರಳು ತೋರಿಸಿದರು. ಆಮೇಲೆ ಮದುವೆಯಾಗಿ ಹೋಗುವವರೆಗೂ ಅವಳನ್ನು ಹುಳದ ಮನೆಯ ಹತ್ತಿರ ಬಿಟ್ಟುಕೊಳ್ಳಲಿಲ್ಲ. ನಮ್ಮ ಮನೆಯಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ.

"ನಮ್ಮಪ್ಪ ಮಾತ್ರ ಒಂದ್ ಮಾತೂ ಬಯ್ನಿಲ್ಲ," ಎಂದಳು ಅವ್ವ. ಅದನ್ನು ಹೇಳುವಾಗ ಅವಳ ಮುಖ ಅರಳಿತ್ತು.

ಆಮೇಲಿನ ದಿನಗಳಲ್ಲಿ ಅವಳು ತಟ್ಟೆಗಳ ಮುಂದೆ ನಿಂತೇ ಇರುತ್ತಿದ್ದಳು. ಒಂದು ಹುಳವೂ ಊದಲಿಲ್ಲ. ಎಲ್ಲ ಮೇಯುವುದು ಬಿಟ್ಟು ಹಣ್ಣಾದವು, ಬಿದಿರು ಹೆಣೆದ ಚಂದ್ರಿಕೆಗೆ ಹತ್ತಿದವು, ಗಟ್ಟಿಯಾದ ಹಳದಿ ಗೂಡು ಕಟ್ಟಿದವು. "ಈ ಸಲದಂತ ಗೂಡು ನಾನೇ ನೋಡಿಲ್ಲ," ಎಂದು ಅಪ್ಪ ಬೀಗಿದ. ಚಂದ್ರಿಕೆಯಿಂದ ಗೂಡು ಬಿಡಿಸುತ್ತಾ ಕೂತಿದ್ದ ಅವ್ವ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಳು. ಅಜ್ಜಿ ಅದು ಸಂತೋಷಕ್ಕೆ ಎಂದುಕೊಂಡಳು. ಪೌಡರಿನಿಂದ ಈ ಹುಳ ಸಾಯಲಿಲ್ಲವೆಂದರೆ ತಿಪ್ಪಸಂದ್ರದ ಆ ಹುಳ ಸತ್ತದ್ದೂ ಪೌಡರಿನಿಂದಲ್ಲ ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು.

ಗೂಡು ಮಾರಿದ ಮೇಲೆ ಅವ್ವ ನಮ್ಮಿಬ್ಬರನ್ನೂ ಕರೆದುಕೊಂಡು ತವರಿಗೆ ಹೋದಳು. ಕಣ್ಣು ಮಂಜಾಗಿದ್ದ ತಾತ ಜಗಲಿಯಲ್ಲಿ ಕೂತಿದ್ದ. ಚಪ್ಪಲಿ ಬಿಡುವ ಮುಂಚೆಯೇ ಅವ್ವ ಎಲ್ಲವನ್ನೂ ಹೇಳಿದಳು, ಶಾಲೆಯಲ್ಲಿ ಬಹುಮಾನ ತಂದ ಹುಡುಗಿಯ ಹಾಗೆ. ತಾತ ತಲೆ ತಗ್ಗಿಸಿದ.

"ನಂಗೆ ಆವತ್ತೇ ಗೊತ್ತಿತ್ತು ಕಣವ್ವ," ಎಂದ. "ಮೊಟ್ಟೇಲೇ ರೋಗ ಇತ್ತು. ನಮ್ಮಣ್ಣ ಬ್ಯಾಡ ಅಂದ್ರೂ ಆ ಮೊಟ್ಟೆ ನಾನೇ ತಂದಿದ್ದು. ಅಷ್ಟು ಜನದ್ ಮುಂದೆ ಒಪ್ಕಳಕ್ಕೆ ನಂಗೆ ಬಾಯಿ ಬರ್ನಿಲ್ಲ. ನೀನಿನ್ನೂ ಮಗು ತಾನೆ, ಮರ್ತೋಯ್ತೀಯ ಅಂದ್ಕಂಡೆ."

ದೊಡ್ಡವರೊಬ್ಬರು ಮಗಳ ಮುಂದೆ ತಲೆ ತಗ್ಗಿಸಿ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಲ್ಲಿ ಇರಬಾರದಿತ್ತು ಅನ್ನಿಸಿ ನನಗೇ ನಾಚಿಕೆಯಾಯಿತು. ಅವ್ವ ಒಳಗೆ ಹೋಗಿ ಮುದ್ದೆ ಕಟ್ಟಿ ತಂದು ಅವನ ಮುಂದಿಟ್ಟಳು, ಅವನ ಮುಖ ನೋಡಲಿಲ್ಲ. ತಾತ ಸಾರಿನಲ್ಲಿ ಬೆರಳಾಡಿಸುತ್ತಾ ಕೂತ, ಉಣ್ಣಲಿಲ್ಲ.

ತಾತ ಹೋಗಿ ಎಷ್ಟೋ ವರ್ಷವಾಯಿತು, ಅವ್ವನೂ ಇಲ್ಲ. ಹುಳದ ಮನೆ ಕೆಡವಿದ ಜಾಗದಲ್ಲಿ ಈಗ ಯಾರದೋ ಮನೆಯಿದೆ. ಮಗಳ ಮುಖದ ಪೌಡರನ್ನು ಒರೆಸಲು ನನಗೆ ಕೈ ಬರಲಿಲ್ಲ. ಅವ್ವನ ಜೊತೆ ವಾಪಸು ಬಂದ ಆ ಸಂಜೆಯೇ ಕಣ್ಣ ಮುಂದಿತ್ತು.

ಮಾಗಡಿ ಬಸ್ ಸ್ಟ್ಯಾಂಡಿನಲ್ಲಿ ಅವ್ವ ಮಲ್ಲಿಗೆ ಕೊಂಡಳು. ನಮ್ಮಿಬ್ಬರಿಗೂ ಮುಡಿಸಿ, ಉಳಿದ ತುಂಡನ್ನು ತಾನು ಮುಡಿದಳು. ದಾರಿಯುದ್ದಕ್ಕೂ ಅವಳ ಕೈ ತುರುಬಿಗೆ ಹೋಗಿ ಹೋಗಿ ಬರುತ್ತಿತ್ತು. ನಮ್ಮ ಸ್ಟಾಪ್ ಹತ್ತಿರವಾಗುತ್ತಿದ್ದಂತೆ ಅದನ್ನು ತೆಗೆದು, ನಿದ್ದೆ ಹೋಗಿದ್ದ ಜಯಿಯ ಜಡೆಗೆ ಸಿಕ್ಕಿಸಿದಳು.

"ಇರ್ಲಿ ಬುಡವ್ವ, ಮನೇಲೀಗ ಹುಳ ಇಲ್ವಲ್ಲ," ಎಂದೆ.

"ಗೊತ್ತು ಕಣೆ," ಎಂದಳು ಅವ್ವ, ಕಿಟಕಿಯಾಚೆ ನೋಡುತ್ತಾ. "ಯಾಕೋ ನಾಚ್ಕೆ ಆಯ್ತದೆ."