ಹಂದಿ ಆರಿಸಿದ ಬೀಜ

ಪೆರ್ಲದ ಕಡೆ ಸೌತೆಬೀಜದ ಕೂಸಪ್ಪ ಎಂದರೆ ಎಲ್ಲರಿಗೂ ಗೊತ್ತು. ಕೊಯ್ಲು ಮುಗಿದ ಗದ್ದೆಯಲ್ಲಿ ಸೌತೆ ಬೆಳೆದು, ಬೀಜವನ್ನು ಬೂದಿಯಲ್ಲಿ ಹೊರಳಿಸಿ ಒಣಗಿಸಿ, ಕೇಳಿದವರಿಗೆಲ್ಲ ಕೊಡುತ್ತಿದ್ದ. ಹೆಸರಿನ ಜೊತೆ ಜಂಬವೂ ಇತ್ತು. ಇಲ್ಲದಿದ್ದರೆ ಈ ಕಥೆಯೇ ಇಲ್ಲ.

ಬೀಜದ ಕಾಯಿಗೆ ಅವನ ಮನೆಯಲ್ಲೊಂದು ಕಟ್ಟಳೆ. ಅದನ್ನು ಯಾರೂ ರುಚಿ ನೋಡಬಾರದು, ಎಂಜಲಾದರೆ ಬೀಜ ಕೆಟ್ಟಿತು. ಕಾಡುಹಂದಿಗಳ ಕಾಟ ಶುರುವಾದ ಮೇಲೆ, ಹಂದಿ ಮೂಸಿ ಬಿಟ್ಟುಹೋದ ಕಾಯಿಯೇ ಗಟ್ಟಿ ತಳಿ ಎಂದು ಅದನ್ನೇ ಬೀಜಕ್ಕೆ ಇಡತೊಡಗಿದ.

2012ರ ಬೇಸಗೆಯಲ್ಲಿ ನೆರೆಮನೆಯ ಬೀಬಿ ಹಾಲಿನ ಸೊಸೈಟಿಯ ಸಾಲಿನಲ್ಲಿ ಮೆಲ್ಲನೆ ಹೇಳಿದಳು, "ಕೂಸಪ್ಪಣ್ಣ, ನೀವು ಕೊಟ್ಟ ಬೀಜದ ಸೌತೆ ತುಂಬ ಕಹಿ ಉಂಟು."

ಅವನ ಗದ್ದೆಯಲ್ಲೂ ಕೆಲವು ಕಹಿ ಬಂದಿದ್ದವು. ಆದರೆ ಅವನು ನೆಲ ಡೊಂಕು ಎನ್ನುವ ಪೈಕಿಯವನು.

"ಬೀಜಕ್ಕೆ ಎಂತ ಆಗಿದೆ ಬೀಬಿ? ನಿಮ್ಮ ಕೈಗುಣವೇ ಕಹಿ!"

ಸಾಲಿಗೆ ಸಾಲೇ ನಕ್ಕಿತು. ಕೂಸಪ್ಪನೂ ನಕ್ಕ. ಬೀಬಿ ಹಾಲಿನ ಕ್ಯಾನು ಎತ್ತಿಕೊಂಡು ಹೋದಳು.

ಆರು ವರ್ಷ ಕಳೆಯುವಷ್ಟರಲ್ಲಿ ಅವನ ಇಡೀ ಗದ್ದೆ ಕಹಿಯಾಯಿತು. ಹಂದಿಗಳೂ ಬರುವುದನ್ನು ಬಿಟ್ಟವು. ಹತ್ತನೇ ತರಗತಿಯ ಮೊಮ್ಮಗಳು ಅಕ್ಷಯಾ ಒಂದು ಹೋಳು ಕಚ್ಚಿ ಉಗುಳಿ, ಬೀಜಕ್ಕೆ ಯಾವುದನ್ನು ಇಡುತ್ತೀರಿ ಎಂದು ಕೇಳಿದಳು. ಅವನು ಹೇಳಿದ.

"ಅಯ್ಯೋ ಅಜ್ಜ! ರುಚಿಯದ್ದನ್ನೆಲ್ಲ ಹಂದಿ ತಿಂದಿತು. ಉಳಿದ ಕಹಿಯದ್ದನ್ನು ನೀವು ಬಿತ್ತಿದಿರಿ. ಪ್ರತಿ ವರ್ಷವೂ ಇದೇ ಕಥೆ."

"ಹಂದಿಗೆ ಹೆದರಿ ಸೌತೆಯೇ ಕಹಿಯಾದದ್ದಾ?"

"ಸೌತೆಗೆ ಎಂತ ಗೊತ್ತುಂಟು ಅಜ್ಜ? ಎಲ್ಲ ಬಳ್ಳಿಯೂ ಒಂದೇ ರೀತಿ ಇರುವುದಿಲ್ಲ. ಮೊದಲೇ ಕಹಿ ಇದ್ದದ್ದು ಉಳಿಯಿತು, ಅದರ ಸಂತಾನವೇ ಗದ್ದೆ ತುಂಬಿತು. ನಮ್ಮ ಪಾಠದಲ್ಲಿ ಉಂಟು, ನೈಸರ್ಗಿಕ ಆಯ್ಕೆ ಅಂತ."

ಕೂಸಪ್ಪನಿಗೆ ಪಾಠ ಅರ್ಥವಾಯಿತು. ಅದಕ್ಕಿಂತ ಮೊದಲು ಸೊಸೈಟಿಯ ಆ ನಗು ನೆನಪಾಯಿತು, ಮುಖ ಬಿಸಿಯಾಯಿತು. ನಾಲ್ಕು ದಿನ ಬೀಬಿಯ ಮನೆಯೆದುರು ಹಾಯಲು ನಾಚಿಕೆಯಾಗಿ, ಗುಡ್ಡ ಸುತ್ತಿ ಪೇಟೆಗೆ ಹೋದ. ಐದನೆಯ ದಿನ ಅವಳ ಅಂಗಳದಲ್ಲಿ ನಿಂತು, "ತಪ್ಪು ಬೀಜದ್ದೇ ಬೀಬಿ. ಕೆಡಿಸಿದ್ದು ನಾನು," ಎಂದು ಎಲ್ಲವನ್ನೂ ಹೇಳಿದ.

ಬೀಬಿ ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು.

"ಆ ದಿನ ನೀವು ಹಾಗೆ ಹೇಳಿದ ಮೇಲೆ ನಾನು ಒಂದು ಬೀಜ ಸಹ ಮಣ್ಣಿಗೆ ಹಾಕಲಿಲ್ಲ, ಕೂಸಪ್ಪಣ್ಣ. ಬಸಳೆಯನ್ನೂ ಸೊಸೆಯ ಕೈಯಲ್ಲೇ ನೆಡಿಸಿದ್ದು." ತನ್ನ ಎರಡೂ ಅಂಗೈಗಳನ್ನು ಮುಂದೆ ಹಿಡಿದು ನೋಡಿಕೊಂಡಳು. "ಹಾಗಾದರೆ ನನ್ನ ಕೈಗೆ ಎಂತದೂ ಆಗಿರಲಿಲ್ಲವಾ?"

ಕೂಸಪ್ಪನಿಗೆ ಆ ಕೈಗಳನ್ನು ನೋಡಲಾಗಲಿಲ್ಲ. ತಲೆ ತಗ್ಗಿಸಿಕೊಂಡೇ "ಇಲ್ಲ" ಎಂದ.