ಹತ್ತನೇ ನಂಬರಿಗೆ ಹೋದ ಚೆಂಡು

ಆಗ ಗಲ್ಫಿನ ಜಿಂಜ್‌ನಲ್ಲಿ ನಮ್ಮ ಕಟ್ಟಡದ ಹಿಂದೆ ಇನ್ನೂ ಖಾಲಿ ಜಾಗವಿತ್ತು. ಮರಳು, ಸಣ್ಣ ಕಲ್ಲು, ಅಲ್ಲೊಂದು ಇಲ್ಲೊಂದು ಮುಳ್ಳುಗಿಡ. ಚಳಿಗಾಲದ ಶುಕ್ರವಾರಗಳಲ್ಲಿ ಮೂಲೆಯ ಬೇಕರಿಯಿಂದ ಬಿಸಿ ಖುಬೂಸ್ ರೊಟ್ಟಿಯ ವಾಸನೆ ಅಲ್ಲಿಯವರೆಗೂ ಬರುತ್ತಿತ್ತು. ಆ ವಾಸನೆಯಲ್ಲೇ ನಾವು ಆಸ್ಟ್ರೇಲಿಯಾದ ಫುಟ್‌ಬಾಲ್ ಕಲಿತೆವು. ಊರಿನಲ್ಲಿ ಹೇಳಿದರೆ ಈಗಲೂ ನಗುತ್ತಾರೆ.

ಕಲಿಸಿದವರು ಮೇಲಿನ ಮಹಡಿಯ ಗ್ರೆಗ್ ಅಂಕಲ್, ಅಸ್ಕರ್ ಊರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಇಂಜಿನಿಯರ್. ಅವರ ಚೆಂಡು ಮೊಟ್ಟೆಯ ಆಕಾರದ್ದು. ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದು 'ಮಾರ್ಕ್'. ಆಮೇಲೆ ಯಾರೂ ಮೈಮೇಲೆ ಬೀಳುವಂತಿಲ್ಲ, ನಿಂತು ಗುರಿಯಿಟ್ಟು ಒದೆಯಬಹುದು. ಎದುರಿಗೆ ನಾಲ್ಕು ಕಂಬ. ನಡುವಿನ ಎರಡರ ಮಧ್ಯೆ ಹೋದರೆ ಗೋಲು, ಆರು ಅಂಕ. ಪಕ್ಕಕ್ಕೆ ಹೋದರೆ ಒಂದೇ. ಆ ವರ್ಷ ಮಕ್ಕಳ ನಾಲ್ಕು ತಂಡ ಸೇರಿಸಿ ಅವರು ಮೊದಲ ಕಪ್ ಇಟ್ಟರು. ಅದನ್ನು ನಾವು 'ಪ್ರೀಮಿಯರ್‌ಶಿಪ್' ಅಂತಲೇ ಕರೆಯಬೇಕಿತ್ತು, ಬರೀ ಕಪ್ ಅಂದರೆ ಅವರಿಗೆ ಬೇಜಾರು.

ನಮ್ಮ ತಂಡದ ಜೀವ ನಸೀಮಾ. ಉಳ್ಳಾಲದ ಬ್ಯಾರಿಗಳ ಹುಡುಗಿ, ನನ್ನದೇ ಕ್ಲಾಸು, ಕೆಳಗಿನ ಮನೆ. ಅಂಗಿಯ ನಂಬರ್ ಹತ್ತು. ತನಗಿಂತ ಗೇಣುದ್ದ ಎತ್ತರದ ಹುಡುಗರ ಭುಜದ ಮೇಲಿಂದ ಚೆಂಡು ಕಿತ್ತು ತರುತ್ತಿದ್ದಳು. ನನಗೆ ಅವಳೆಂದರೆ ಪ್ರಾಣ. ಹೊಟ್ಟೆಕಿಚ್ಚೂ ಅಷ್ಟೇ ಇತ್ತು. ಗೋಲೆಲ್ಲ ಅವಳದ್ದು. ಇಡೀ ಸೀಸನ್ನಿನಲ್ಲಿ ನಾನು ಒಂದೂ ಹೊಡೆದಿರಲಿಲ್ಲ.

ಎದುರು ತಂಡದವರಿಗೆ ಇಂಗ್ಲಿಷ್, ಹಿಂದಿ ಎರಡೂ ಬರುತ್ತಿತ್ತು. ಅದಕ್ಕೆ ನಸೀಮಾಳೇ ಉಪಾಯ ಹುಡುಕಿದಳು.

"ನಂಬರ್ ನಮ್ಮ ಭಾಷೆಯಲ್ಲಿ ಕರೆಯುವ. ಅವರಿಗೆ ಎಂತ ಮಣ್ಣು ಗೊತ್ತಾಗ್ತದೆ?"

ನಮ್ಮ ಮನೆಯಲ್ಲಿ ತುಳು, ಅವಳ ಮನೆಯಲ್ಲಿ ಬ್ಯಾರಿ. ಹತ್ತಕ್ಕೆ ಎರಡರಲ್ಲೂ 'ಪತ್ತ್' ಎಂದೇ. 'ಪತ್ತ್' ಅಂತ ಕೂಗು ಕೇಳಿದರೆ ಸಾಕು, ಹಿಂದೆ ಮುಂದೆ ನೋಡದೆ ನಸೀಮಾಳ ಕಡೆ ಒದೆಯುವುದು. ತಿಂಗಳೆರಡು ಕಳೆಯುವಷ್ಟರಲ್ಲಿ ಅದು ನಮ್ಮ ಕಾಲಿಗೇ ಅಭ್ಯಾಸವಾಗಿತ್ತು.

ಫೈನಲ್‌ಗೆ ಎರಡು ದಿನ ಮೊದಲು ಅವಳು ಮೆಟ್ಟಿಲ ಮೇಲೆ ಸಿಕ್ಕಿದಳು. ಅವಳಮ್ಮ ಮಾಡಿದ ಕಲ್ತಪ್ಪದ ತಟ್ಟೆ ಕೈಯಲ್ಲಿತ್ತು, ಹುರಿದ ಈರುಳ್ಳಿಯ ಪರಿಮಳ.

"ಬಾಪನ ಕೆಲಸ ಹೋಯ್ತು. ವೀಸಾ ಕ್ಯಾನ್ಸಲ್. ಭಾನುವಾರ ನಾವೆಲ್ಲ ಊರಿಗೆ," ಎಂದಳು. "ಶುಕ್ರವಾರದ್ದು ಗೆಲ್ಲಲೇಬೇಕು ಮಾರಾಯ್ತಿ."

ಜುಫೈರ್ ತಂಡದ ಮೇಲೆ ಆಟ. ಕೊನೆಯ ನಿಮಿಷ, ನಾವು ನಾಲ್ಕು ಅಂಕ ಹಿಂದೆ. ಆಗ ಕಂಬಗಳ ನೇರ ಎದುರಿಗೆ ಚೆಂಡು ಹೇಗೋ ಬಂದು ನನ್ನ ಎದೆಗೆ ಬಿತ್ತು. ಮಾರ್ಕ್! ನಸೀಮಾ ಬಲಗಡೆ ಒಬ್ಬಳೇ ನಿಂತಿದ್ದಳು, ಅವಳಿಗೆ ಇದೇ ಕೊನೆಯ ಆಟವೆಂದು ನನಗೆ ಗೊತ್ತಿತ್ತು. ಆದರೂ ಕೊಡುವ ಮನಸ್ಸಿರಲಿಲ್ಲ. ಇದೊಂದು ನನ್ನದು ಎಂದುಕೊಂಡೆ.

ಆಗ ಗೆರೆಯಾಚೆಯಿಂದ ಅಮ್ಮನ ದನಿ: "ಪತ್ತ್! ಪತ್ತ್!"

ಮನಸ್ಸು ಯೋಚಿಸುವ ಮೊದಲೇ ಕಾಲು ತಿರುಗಿತ್ತು. ಚೆಂಡು ಬಲಕ್ಕೆ ಹಾರಿತು, ನಸೀಮಾ ಜಿಗಿದು ಹಿಡಿದಳು, ಸೈರನ್ ಕೂಗಿತು. ಮಾರ್ಕ್ ಹಿಡಿದವರಿಗೆ ಸೈರನ್ ಆದಮೇಲೂ ಒಂದು ಒದೆತ ಉಂಟು. ಅವಳು ಒದ್ದದ್ದು ನಡುವಿನ ಕಂಬಗಳ ಮಧ್ಯೆಯೇ ಹೋಯಿತು. ಗ್ರೆಗ್ ಅಂಕಲ್ ಕಣ್ಣೊರೆಸಿಕೊಳ್ಳುತ್ತಿದ್ದರು.

ಮನೆಗೆ ಬಂದಮೇಲೆ ಅಮ್ಮ ಕೇಳಿದಳು, "ಗಟ್ಟಿ ಹಿಡ್ಕೊ ಅಂತ ಅಷ್ಟು ಬೊಬ್ಬೆ ಹಾಕಿದೆ. ನೀನು ಯಾಕೆ ಅವಳಿಗೆ ಕೊಟ್ಟದ್ದು?"

ಹೌದು, ನಮ್ಮ ತುಳುವಿನಲ್ಲಿ 'ಹಿಡಿದುಕೋ' ಎನ್ನಲೂ 'ಪತ್ತ್' ಎಂದೇ ಹೇಳುವುದು. ಅಮ್ಮ ಆಟ ನೋಡಲು ಬಂದದ್ದೇ ಅವತ್ತು ಮೊದಲು. ನಮ್ಮ ಗುಟ್ಟು ಅವಳಿಗೇನು ಗೊತ್ತು? ಅವತ್ತು ರಾತ್ರಿ ಎಲ್ಲ ಬಿಡಿಸಿ ಹೇಳಿದೆ.

ಭಾನುವಾರ ಟ್ಯಾಕ್ಸಿ ಹತ್ತುವ ಮೊದಲು ನಸೀಮಾ ನನ್ನನ್ನು ಅಪ್ಪಿಕೊಂಡಳು. "ನಾನು ಹೋಗ್ತೇನೆ ಅಂತ ನಿನ್ನ ಗೋಲು ನಂಗೆ ಕೊಟ್ಟೆ ಅಲ್ವಾ? ನಿನ್ನ ಜಾಗದಲ್ಲಿ ನಾನಾಗಿದ್ರೆ ಕೊಡ್ತಿರ್ಲಿಲ್ಲ."

ನಾನು "ಹ್ಞೂಂ" ಎಂದೆ.

ಪ್ರತಿ ಹಬ್ಬಕ್ಕೆ ಅವಳ ವಾಯ್ಸ್ ಮೆಸೇಜ್ ಬರುತ್ತದೆ. ತನ್ನ ಮಕ್ಕಳಿಗೆ ನನ್ನ ಕತೆ ಹೇಳಿದ್ದಾಳಂತೆ, ಗೆಳತಿಯೆಂದರೆ ಹಾಗಿರಬೇಕು ಎಂದು. ನಿಜ ಹೇಳಲು ಎಷ್ಟೋ ಸಲ ಹೊರಟು, ಕಡೆಗೆ ಹಬ್ಬದ ಶುಭಾಶಯವಷ್ಟೇ ಕಳಿಸಿದ್ದೇನೆ. ನಿಜ ಗೊತ್ತಿದ್ದವಳು ಅಮ್ಮ ಒಬ್ಬಳೇ, ಅವಳೂ ಈಗ ಇಲ್ಲ.

ಮೊನ್ನೆ ಜಿಂಜ್‌ಗೆ ಹೋಗಿದ್ದೆ. ಆ ಖಾಲಿ ಜಾಗ ಈಗ ಕಾರು ನಿಲ್ಲಿಸುವ ಜಾಗ. ಬೇಕರಿಯೂ ಮುಚ್ಚಿದೆ. ಕಂಬಗಳು ಇದ್ದ ಕಡೆ ನಿಂತು ಮೆಲ್ಲಗೆ "ಪತ್ತ್" ಎಂದೆ. ಪಕ್ಕದಲ್ಲಿದ್ದ ಮಗಳು, ತುಳು ಬಾರದವಳು, ತಲೆಯೆತ್ತಿ ಕೇಳಿದಳು.

"ಹಾಗಂದ್ರೆ ಎಂತ ಅಮ್ಮ?"

"ಹತ್ತು," ಎಂದೆ. ಇನ್ನೊಂದು ಅರ್ಥ ಹೇಳಲು ಅವತ್ತೂ ಬಾಯಿ ಬರಲಿಲ್ಲ.