ಗುಳಿಗೆಗಿಂತ ಮೊದಲು ತೋಳಿಗೆ ಪಟ್ಟಿ ಸುತ್ತುವ ಸೀತವ್ವ

ಕಾರ್ತಿಕ ಮುಗಿದು ಚಳಿ ಬೀಳತೊಡಗಿದ ಕಾಲ. ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ. ಸುರೇಬಾನದಿಂದ ಮೂರು ಮೈಲಿ ಆಚೆ ಕಬ್ಬು ಕಡಿಯುವವರ ಗುಡಿಸಲುಗಳ ಮುಂದೆ ಒಲೆಗಳು ಹೊತ್ತಿಕೊಂಡಿವೆ. ಒಂದು ಒಲೆಯ ಪಕ್ಕದಲ್ಲಿ ಸೀತವ್ವ ಕುಕ್ಕರಗಾಲಿನಲ್ಲಿ ಕೂತಿದ್ದಾಳೆ. ರೊಟ್ಟಿ ಬಡಿಯುತ್ತಿದ್ದ ಹೆಂಗಸನ್ನು ಎಬ್ಬಿಸಿ, ಎಲೆಯಡಿಕೆ ಮೆಲ್ಲುವಷ್ಟು ಹೊತ್ತು ಸುಮ್ಮನೆ ಕೂರಿಸಿ, ಆಮೇಲೆ ಅವಳ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಸುತ್ತುತ್ತಾಳೆ.

"ಹಿಟ್ಟಿನ ಕೈ ಹಂಗ ಇರಲಿ. ಮಾತಾಡಬ್ಯಾಡ ಅಷ್ಟ."

"ಮಾತಾಡಬ್ಯಾಡ ಅಂದ್ರ ನನ್ನ ಬಿ.ಪಿ. ಏರತೈತಿ ಬೇ ಯವ್ವಾ!"

ಸುತ್ತಲಿನ ಹೆಂಗಸರು ನಗುತ್ತಾರೆ. ಸೀತವ್ವ ನಗುವುದಿಲ್ಲ. ಕೊಳವೆ ಕಿವಿಗಿಟ್ಟು, ಇಳಿಯುವ ಪಾದರಸವನ್ನೇ ನೋಡುತ್ತಿರುತ್ತಾಳೆ.

ಸೀತವ್ವ ಸುರೇಬಾನದ ಆರೋಗ್ಯ ಉಪಕೇಂದ್ರದ ಆಯಾ. ವಯಸ್ಸು ಐವತ್ತೊಂದು. ತವರು ಉಗರಗೋಳ. ಕಲಿತದ್ದು ಮೂರನೆಯ ಇಯತ್ತೆ. ೧೯೮೮ರಿಂದ ಕೇಂದ್ರದ ಕಸ ಹೊಡೆಯುವುದು, ನೀರು ತುಂಬುವುದು, ಸೂಜಿ ಕುದಿಸುವುದು ಅವಳ ಕೆಲಸ. ಕಬ್ಬಿನ ಹಂಗಾಮಿನಲ್ಲಿ ಇದರ ಮೇಲೆ ಇನ್ನೊಂದು ಕೆಲಸ ಅವಳು ತಾನಾಗಿಯೇ ಹಚ್ಚಿಕೊಂಡದ್ದು. ವಾರಕ್ಕೆ ಮೂರು ದಿನ ನಸುಕಿನಲ್ಲಿ ಗುಡಿಸಲುಗಳಿಗೆ ನಡೆದು ಬರುತ್ತಾಳೆ. ಆರಕ್ಕೆಲ್ಲ ಹೆಂಗಸರು ಕಬ್ಬು ಕಡಿಯುವ ಕತ್ತಿ, ಕೊಯ್ತಾ, ಹಿಡಿದು ಹೊಲಕ್ಕೆ ಇಳಿದುಬಿಡುತ್ತಾರೆ. ಅಷ್ಟರೊಳಗೆ ಎಂಟು ಹತ್ತು ತೋಳು ನೋಡಿ ಮುಗಿಯಬೇಕು.

ಈ ಹೆಂಗಸರಿಗೆ ಮುಟ್ಟಿನ ನಾಲ್ಕು ದಿನ ಬಹಳ ಕಠಿಣ. ಕೂಲಿಯ ಲೆಕ್ಕದಲ್ಲಿ ಗಂಡ ಹೆಂಡತಿ ಸೇರಿದರೆ ಒಂದು ಕೊಯ್ತಾ. ಅವಳು ಕೂತರೆ ಅವನ ಕೆಲಸವೂ ನಿಂತಿತು. ಬಟ್ಟೆ ಬದಲಿಸಲು ಮರೆ ಇಲ್ಲ, ತೊಳೆಯಲು ನೀರಿಲ್ಲ. ಹೊರೆ ಹೊತ್ತು ನಡೆಯುವಾಗ ಒಣಗಿದ ಬಟ್ಟೆ ತೊಡೆ ಕೊರೆಯುತ್ತದೆ. ಆದ್ದರಿಂದ ಅವರೇ ಒಂದು ಹಾದಿ ಕಂಡುಕೊಂಡಿದ್ದಾರೆ. ಸರಕಾರ ಪುಕ್ಕಟೆ ಕೊಡುವ ಮಕ್ಕಳಾಗದ ಗುಳಿಗೆಯ ಪಾಕೀಟಿನಲ್ಲಿ ಇಪ್ಪತ್ತೊಂದು ಬಿಳಿ ಗುಳಿಗೆ, ಏಳು ಕಂದು. ಬಿಳಿ ಮುಗಿದು ಕಂದು ನುಂಗುವ ವಾರದಲ್ಲಿ ಮುಟ್ಟು ಬರುತ್ತದೆ. ಇವರು ಆ ಏಳನ್ನು ಕಬ್ಬಿನೊಳಗೆ ಎಸೆದು ಮರುದಿನವೇ ಹೊಸ ಪಾಕೀಟು ಒಡೆಯುತ್ತಾರೆ. ಮಕ್ಕಳಾಗದ ಆಪರೇಶನ್ ಮಾಡಿಸಿಕೊಂಡವರೂ ಇದಕ್ಕಾಗಿಯೇ ಗುಳಿಗೆ ಕೇಳುತ್ತಾರೆ.

"ಒಳಗ ರಕ್ತ ನಿಂತು ವಿಷ ಆಗತೈತಿ ಅಂತ ಅತ್ತಿಯಂದಿರು ಅಂಜಸ್ತಾರ್ರಿ," ಎನ್ನುತ್ತಾಳೆ ಸೀತವ್ವ. "ನಾ ರಾಮದುರ್ಗದ ಡಾಕ್ಟರನ್ನ ಕೇಳೇನಿ. ರಕ್ತ ಕೂಡೂದಽ ಇಲ್ಲಂತ, ನಿಲ್ಲೂದೆಲ್ಲಿಂದ ಬಂತು? ಮೈ ಗಟ್ಟಿ ಇದ್ದಾಕಿ ಸಾಲಾಗಿ ತಗೊಂಡ್ರ ಏನೂ ಆಗೂದಿಲ್ಲ. ಮೊದಲ ಒಂದೆರಡು ತಿಂಗಳ ನಡುವ ನಡುವ ರಕ್ತದ ಕಲಿ ಕಾಣತೈತಿ, ಅಷ್ಟ. ಆದ್ರ ಎಲ್ಲಾರ ಮೈ ಗಟ್ಟಿ ಇರೂದಿಲ್ಲಲ್ಲ."

ಆ ಕೊನೆಯ ಮಾತು ಅವಳು ಪುಸ್ತಕದಿಂದ ಕಲಿತದ್ದಲ್ಲ.

೧೯೯೬ರ ದೀಪಾವಳಿಯ ಮುಂದೆ ರಾಚವ್ವ ಎಂಬ ಕಬ್ಬು ಕಡಿಯುವ ಹೆಂಗಸು ಉಪಕೇಂದ್ರಕ್ಕೆ ಬಂದಿದ್ದಳು. ಅಂದು ಕೇಂದ್ರದ ನರ್ಸ್ ಸಿಸ್ಟರ್ ಅನ್ನಪೂರ್ಣಾ ರಜೆಯಲ್ಲಿದ್ದರು. ಪಾಪ, ಮತ್ತೆ ಮತ್ತೆ ಮೂರು ಮೈಲಿ ಯಾಕೆ ನಡೆಯಬೇಕು ಎಂದು ಸೀತವ್ವ ಕಪಾಟು ತೆಗೆದು ಐದು ಪಾಕೀಟು ಒಮ್ಮೆಗೇ ಅವಳ ಉಡಿಗೆ ಹಾಕಿದಳು. ಬಿ.ಪಿ. ನೋಡುವ ಪೆಟ್ಟಿಗೆ ಅದೇ ಕಪಾಟಿನ ಮೇಲಿತ್ತು. ಅದನ್ನು ಹೇಗೆ ಹಚ್ಚಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹೊಲದಲ್ಲಿ ರಾಚವ್ವನ ಬಲಗೈಯಿಂದ ಕೊಯ್ತಾ ಕಳಚಿ ಬಿತ್ತು. ಬಾಯಿ ಸೊಟ್ಟಗಾಯಿತು. ಕಬ್ಬು ಇಳಿಸಿದ ಚಕ್ಕಡಿಯಲ್ಲೇ ರಾಮದುರ್ಗಕ್ಕೆ ಒಯ್ದರು. ಜೀವ ಉಳಿಯಿತು, ಮಾತು ಹೋಯಿತು.

"ಡಾಕ್ಟರ್ ನನ್ನ ಬೈಲಿಲ್ರಿ. 'ಇದಽ ಕಾರಣ ಅಂತ ಹೇಳಾಕ ಬರೂದಿಲ್ಲ, ಆದ್ರ ಬಿ.ಪಿ. ಇದ್ದಾಕಿಗೆ ಈ ಗುಳಗಿ ಕೊಡಬಾರದಿತ್ತು' ಅಂದ್ರು. ಬೈದಿದ್ರ ಚಲೋ ಇತ್ತು."

ಮರುವಾರವೇ ಅವಳು ಅನ್ನಪೂರ್ಣಾ ಸಿಸ್ಟರಿಗೆ ಗಂಟುಬಿದ್ದಳು. ಇಪ್ಪತ್ತು ದಿನ ದಿನವೂ ಗಂಡ ಶಟ್ಟೆಪ್ಪನ ತೋಳಿಗೆ ಪಟ್ಟಿ ಸುತ್ತಿ ಕಲಿತಳು. "ಗಾಳಿ ಹೊಡದು ಹೊಡದು ನನ್ನ ತೋಳು ಟ್ಯೂಬ್ ಆಗೇತಿ," ಎಂದು ಶಟ್ಟೆಪ್ಪ ಈಗಲೂ ಬಂದವರೆದುರು ಹೇಳುತ್ತಾನೆ. ಅಂದಿನಿಂದ ಅವಳದೊಂದು ಕಟ್ಟಳೆ: ಒಂದು ಸಲಕ್ಕೆ ಒಂದೇ ಪಾಕೀಟು. ಇನ್ನೊಂದು ಬೇಕಾದರೆ ಮತ್ತೆ ತೋಳು ಕೊಡಬೇಕು. ತಲೆ ಒಂದೇ ಬದಿಗೆ ನೋಯುತ್ತದೆಯೇ, ಕಣ್ಣ ಮುಂದೆ ಮಿಂಚು ಹೊಡೆಯುತ್ತದೆಯೇ, ಒಂದು ಕಾಲು ಬಾತಿದೆಯೇ, ಎದೆಹಾಲು ಕುಡಿಯುವ ಕೂಸಿದೆಯೇ, ಬೀಡಿ ಸೇದುತ್ತೀಯೇ, ತಂಬಾಕು ತಿನ್ನುತ್ತೀಯೇ ಎಂದು ಪ್ರತಿಸಲವೂ ಕೇಳುತ್ತಾಳೆ. ಕಂದು ಗುಳಿಗೆ ಎಸೆಯಗೊಡುವುದಿಲ್ಲ. ಅವು ರಕ್ತ ಹೆಚ್ಚಿಸುವ ಗುಳಿಗೆ, ಬಿಳಿ ಗುಳಿಗೆ ನಿಲ್ಲಿಸದೆ ಮಧ್ಯಾಹ್ನದ ಬುತ್ತಿಯ ಜೊತೆ ಬೇರೆಯಾಗಿ ನುಂಗಿಸುತ್ತಾಳೆ. ಅವಳು ಹೇಳಿದ ಅಂಕಿಗಳನ್ನು ಸಿಸ್ಟರ್ ಬರೆದುಕೊಳ್ಳುತ್ತಾರೆ. ಅನುಮಾನ ಬಂದ ತೋಳನ್ನು ತಾವೇ ಇನ್ನೊಮ್ಮೆ ನೋಡುತ್ತಾರೆ.

ಈ ಹಂಗಾಮಿನಲ್ಲಿ ಅಂಥ ತೋಳು ತಾಯವ್ವನದು. ವಿಜಾಪುರದ ಕಡೆಯವಳು, ವಯಸ್ಸು ಮೂವತ್ತೆಂಟು, ದವಡೆಯಲ್ಲಿ ಸದಾ ತಂಬಾಕು. ಪಾದರಸ ನೂರಾ ಎಪ್ಪತ್ತರ ಹತ್ತಿರ ಬಡಿಯಿತು. ಎರಡು ಸಲ ನೋಡಿದರೂ ಅಷ್ಟೇ. ಊರಿಂದ ತಂದ ಎರಡು ಪಾಕೀಟು ಆಗಲೇ ಅವಳ ಗಂಟಿನಲ್ಲಿದ್ದವು, ಒಂದು ಅರ್ಧ ಮುಗಿದಿತ್ತು.

"ಇವು ನಿನಗಲ್ಲ ಯವ್ವಾ. ಇಲ್ಲಿ ಕೊಡು."

"ನೀ ಯಾರು ಕಸ್ಕೊಳ್ಳಾಕ? ಕಸಾ ಹೊಡಿಯಾಕಿ ಡಾಕ್ಟರ್ ಆದ್ಯೇನ?" ಎಂದಳು ತಾಯವ್ವ. "ನಾಲ್ಕು ದಿನ ಆ ಮುಕಾದಮನ ಬಾಯಿಗೆ ಯಾರು ಬೀಳೂರು? ನೀ ಬೀಳ್ತಿಯೇನ?"

"ಬೀಳ್ತೇನಿ," ಎಂದಳು ಸೀತವ್ವ.

ಅಂದು ಅವಳು ತಿರುಗಿ ಹೋಗಲಿಲ್ಲ. ತಾಯವ್ವನ ಗುಡಿಸಲ ಮುಂದೆಯೇ ಕೂತು ರಾಚವ್ವನ ಕಥೆಯನ್ನು ಮೊದಲಿಂದ ಹೇಳಿದಳು. ಐದು ಪಾಕೀಟು ಕೊಟ್ಟ ಕೈ ತನ್ನದೇ ಎನ್ನುವುದನ್ನೂ ಮುಚ್ಚಿಡಲಿಲ್ಲ. ತಾಯವ್ವ ಪಾಕೀಟು ಕೊಡದೆ ಕೊಯ್ತಾ ಎತ್ತಿಕೊಂಡು ಹೊಲಕ್ಕೆ ಹೋದಳು. ಸೀತವ್ವ ಎದ್ದು ಗ್ಯಾಂಗಿನ ಕೆಲಸ ನಡೆಸುವ ಮುಕಾದಮ ರಾಯಪ್ಪನ ಮುಂದೆ ನಿಂತಳು.

"ಹೊರಗಾದ ಹೆಣಮಕ್ಕಳಿಗೆ ಹೊರಿ ಹೊರಸಬ್ಯಾಡ್ರಿ. ಕುಂತು ಕಬ್ಬಿನ ಕಟ್ಟ ಕಟ್ಟಲಿ. ಬಟ್ಟಿ ಬದಲಿಸಾಕ ಒಂದು ಮರಿ ಕಟ್ಟಿಸ್ರಿ, ಒಂದು ಬ್ಯಾರಲ್ ನೀರು ಇಡಸ್ರಿ."

"ಇದೇನ ಅರಮನಿ ಅಂತ ತಿಳದಿಯೇನ ಮುದುಕಿ?"

"ಪಂಪ್ ಹಗಲೆಲ್ಲಾ ಕಬ್ಬಿಗೆ ನೀರು ಉಗಳತೈತಿ. ಕಬ್ಬು ಕಡಿಯಾಕಿಗೆ ಒಂದು ಕೊಡ ಬ್ಯಾಡೇನ್ರಿ? ನಾಳೆ ಒಬ್ಬಾಕಿ ಹೊಲದಾಗ ಬಿದ್ರ ನಿಮ್ಮ ಟ್ರ್ಯಾಕ್ಟರ್ ಎರಡು ದಿನ ದವಾಖಾನಿ ಮುಂದ ನಿಲ್ಲತೈತಿ, ನೆನಪಿರಲಿ."

ರಾಯಪ್ಪ ಎರಡು ದಿನ ಕೇಳಿಸಿಕೊಳ್ಳಲಿಲ್ಲ. ಮೂರನೆಯ ದಿನ ನಾಲ್ಕು ಗೂಟ ಹುಗಿಸಿ, ಸುತ್ತ ಕಬ್ಬಿನ ಒಣ ಎಲೆಯ ರವದಿ ಕಟ್ಟಿಸಿ, ನೀರಿನ ಬ್ಯಾರಲ್ ಇಡಿಸಿದ. ಮಾರನೆಯ ನಸುಕಿನಲ್ಲಿ ತಾಯವ್ವ ಪಾಕೀಟು ಎರಡನ್ನೂ ತಂದು ಸೀತವ್ವನ ಮುಂದೆ ನೆಲಕ್ಕೆ ಇಟ್ಟಳು. ಮುಖ ಬೇರೆ ಕಡೆಗಿತ್ತು. ಸೀತವ್ವ ಅವಳನ್ನು ಮೊದಲ ಬಸ್ಸಿಗೆ ರಾಮದುರ್ಗಕ್ಕೆ ಕರೆದೊಯ್ದು ಬಿ.ಪಿ.ಯ ಔಷಧ ಹಚ್ಚಿಸಿಕೊಂಡು ಬಂದಳು. ಮುಟ್ಟು ಬಂತು, ತಾಯವ್ವ ನಾಲ್ಕು ದಿನ ಹೊರೆ ಹೊರದೆ ಕೂತು ಕಬ್ಬಿನ ಕಟ್ಟು ಕಟ್ಟಿದಳು. ರಾಯಪ್ಪ ಗೊಣಗಿದ. ತಂಬಾಕು ಮಾತ್ರ ಅರ್ಧಕ್ಕೆ ಇಳಿದು ಅಲ್ಲಿಗೇ ನಿಂತಿದೆ. ಕಡೆಗೆ ನೋಡಿದಾಗ ಪಾದರಸ ನೂರಾ ನಲವತ್ತರಲ್ಲಿತ್ತು.

ಮುಂದಿನ ಹಂಗಾಮಿಗೆ ಏನು ಬೇಕು ಎಂದು ಕೇಳಿದರೆ ಸೀತವ್ವ ಕೈಯಲ್ಲಿನ ಪಟ್ಟಿ ಎತ್ತಿ ತೋರಿಸುತ್ತಾಳೆ. "ಪಟ್ಟಿ ಹರದೈತ್ರಿ, ಗಾಳಿ ನಿಲ್ಲವಲ್ದು. ಒಂದು ಹೊಸಾದು ಕೊಟ್ರ ಸಾಕು. ನನ್ನ ಹಿಂದ ಬರಾಕಿಗೂ ಬೇಕಾಗತೈತಿ."

ಕಬ್ಬು ಮುಗಿದು ಗ್ಯಾಂಗು ಊರಿಗೆ ಹೊರಟದ್ದು ೨೦೦೪ರ ಮಾರ್ಚ್ ಆರು, ಶನಿವಾರ. ಹದಿನಾರು ಹೆಂಗಸರು ಹೋದರು. ತಾಯವ್ವ ಬಿ.ಪಿ.ಯ ಔಷಧದ ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, ಯಾರ ಕೈಯನ್ನೂ ಹಿಡಿಯದೆ, ಟ್ರ್ಯಾಕ್ಟರ್ ಹತ್ತಿ ಕೂತಳು.